ಜಪಾನಿನ ಪಾತ್ರಧಾರಣೆಯ ವಿಡಿಯೋ ಆಟಗಳು: ಜನಾದರವೂ ರೂಪದ ಬೆಲೆಯೂ

ಒಂದು ಕಲಾಪ್ರಕಾರದಲ್ಲಿ ಜನರ ಆದರವು ಕುಗ್ಗಿದಾಗ ಆ ಪ್ರಕಾರವೇ ಜೀರ್ಣವಾಯಿತೆಂದು ತೀರ್ಪು ಕೊಡುವುದು ವಿಮರ್ಶೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ರೂಢಿ. ಈ ತೀರ್ಪು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಪರೀಕ್ಷಿಸಲು ಜಪಾನಿನ ಪಾತ್ರಧಾರಣೆಯ ವಿಡಿಯೋ ಆಟಗಳ ಚರಿತ್ರೆಯು ಒಳ್ಳೆಯ ನಿದರ್ಶನ. ಸುಮಾರು ೪೦ ವರ್ಷಗಳೊಳಗೆ ಈ ಪ್ರಕಾರವು ಹುಟ್ಟಿ, ಲೋಕಪ್ರಸಿದ್ಧವಾಗಿ, ಮುಗಿದುಹೋಯಿತೆನ್ನಿಸಿಕೊಂಡು, ಮತ್ತೆ ತಲೆಯೆತ್ತಿದೆ.

ಮೊದಲು ಇದರ ಸ್ವರೂಪವನ್ನು ತಿಳಿಯಬೇಕು. ಆಡುವವನು ಒಬ್ಬ ನಾಯಕನ ಪಾತ್ರವನ್ನು ವಹಿಸಿ, ಜೊತೆಗಾರರನ್ನು ಕೂಡಿಕೊಂಡು, ಊರೂರು ಸುತ್ತುತ್ತ ಒಂದು ದೀರ್ಘಕಥೆಯನ್ನು ನಡೆಸಿಕೊಂಡು ಹೋಗುತ್ತಾನೆ. ಶತ್ರು ಎದುರಾದಾಗ ಕೈಚಳಕಕ್ಕೆ ಹೆಚ್ಚು ಕೆಲಸವಿಲ್ಲ. ಹೊಡೆಯಬೇಕೆ, ಮಂತ್ರ ಪ್ರಯೋಗಿಸಬೇಕೆ, ಗಾಯಕ್ಕೆ ಮದ್ದು ಕೊಡಬೇಕೆ, ಓಡಿಹೋಗಬೇಕೆ ಎಂಬ ಆದೇಶಗಳ ಪಟ್ಟಿಯಿಂದ ಒಂದನ್ನು ಆರಿಸಿದರೆ, ಎರಡು ಪಕ್ಷದವರೂ ಸರದಿಯಂತೆ ಕಾದುತ್ತಾರೆ. ಇದನ್ನು ಸರದಿಯ ಕಾಳಗವೆನ್ನಬಹುದು. ಇದರ ಬೀಜವು ಜಪಾನಿನದಲ್ಲ. ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟವೂ, ಅದರ ಪ್ರೇರಣೆಯಿಂದ ೧೯೮೧ರಲ್ಲಿ ಕಂಪ್ಯೂಟರಿಗೆ ಬಂದ ವಿಜರ್ಡ್ರಿ, ಅಲ್ಟಿಮಾ ಎಂಬ ಆಟಗಳೂ ಇದಕ್ಕೆ ಮೂಲ. ಹೊರಿಯಿ ಯೂಜಿ ಅವರ ಡ್ರ್ಯಾಗನ್ ಕ್ವೆಸ್ಟ್ ೧೯೮೬ರಲ್ಲಿ ಹೊರಬಂದು, ಆ ಮೂಲದ ಕ್ಲಿಷ್ಟತೆಯನ್ನು ಕಳೆದು, ಮನೆಯ ಟೆಲಿವಿಷನ್ನಿಗೆ ಜೋಡಿಸಿದ ಫ್ಯಾಮಿಕಾಮ್ ಯಂತ್ರದ ಮುಂದೆ ಕುಳಿತ ಬಾಲಕನಿಗೂ ಎಟಕುವಂತೆ ಮಾಡಿತು. ತೊರಿಯಾಮ ಅಕಿರ ಅವರ ಚಿತ್ರಗಳೂ ಸುಗಿಯಾಮ ಕೊಯಿಚಿ ಅವರ ಸಂಗೀತವೂ ಅದಕ್ಕೆ ಕಳೆಕೊಟ್ಟುವು. ೧೯೮೭ರಲ್ಲಿ ಸಕಗುಚಿ ಹಿರೊನೊಬು ಅವರ ಫೈನಲ್ ಫ್ಯಾಂಟಸಿ ಬಂದಿತು. ೧೯೮೮ರಲ್ಲಿ ಡ್ರ್ಯಾಗನ್ ಕ್ವೆಸ್ಟಿನ ಮೂರನೆಯ ಭಾಗವು ಬಿಡುಗಡೆಯಾದಾಗ, ಶಾಲೆ ತಪ್ಪಿಸಿ ಅಂಗಡಿಗಳ ಮುಂದೆ ಸಾಲುನಿಂತ ಮಕ್ಕಳ ಸಂಗತಿಯೇ ಸುದ್ದಿಯಾಯಿತು.

ಹೊರದೇಶದ ಕಥೆ ಬೇರೆ. ಕಥೆಯೇ ಪ್ರಧಾನವಾದ ಈ ಆಟಗಳಿಗೆ ಭಾಷಾಂತರವು ಅವಶ್ಯ. ಭಾಷಾಂತರವಾಗದುದು ಅಲ್ಲಿಯವರ ಪಾಲಿಗೆ ಇಲ್ಲದುದೇ ಸರಿ. ಫೈನಲ್ ಫ್ಯಾಂಟಸಿಯ ಎರಡನೆಯ, ಮೂರನೆಯ ಮತ್ತು ಐದನೆಯ ಭಾಗಗಳು ಆ ಕಾಲದಲ್ಲಿ ಅಮೆರಿಕವನ್ನು ಮುಟ್ಟಲಿಲ್ಲ. ಆದುದರಿಂದ ೧೯೯೪ರ ಆರನೆಯ ಭಾಗವು ಅಲ್ಲಿ ಮೂರನೆಯದೆಂಬ ಹೆಸರಿನಿಂದ ಮಾರಾಟವಾಯಿತು. ೧೯೯೭ರಲ್ಲಿ ಮೂರು ಸಿ.ಡಿ.ಗಳಲ್ಲಿ ಬಂದ ಏಳನೆಯ ಭಾಗವು ಚಲಚ್ಚಿತ್ರವನ್ನು ಹೋಲುವ ದೃಶ್ಯಗಳಿಂದಲೂ ವಿಪುಲವಾದ ಪ್ರಚಾರದಿಂದಲೂ ಪಶ್ಚಿಮವನ್ನು ಗೆದ್ದಿತು. ಜಪಾನಿನಲ್ಲಿ ೧೯೯೬ರಲ್ಲಿ ಹುಟ್ಟಿದ ಪೋಕೆಮಾನ್ ೧೯೯೮ರಲ್ಲಿ ಅಮೆರಿಕವನ್ನು ಸೇರಿ ಮಕ್ಕಳ ಮನಸ್ಸನ್ನು ಸೆಳೆಯಿತು.

ಅನಂತರ ಇಳಿಗಾಲ ಬಂದಿತು. ೨೦೦೫-೦೬ರ ಹೊಸ ಯಂತ್ರಗಳಲ್ಲಿ ಚಿತ್ರದ ಸೂಕ್ಷ್ಮತೆಯೊಡನೆ ನಿರ್ಮಾಣದ ವೆಚ್ಚವೂ ಏರಿತು. ಅದೇ ಸಮಯದಲ್ಲಿ ಒಬ್ಲಿವಿಯನ್ (೨೦೦೬), ಮಾಸ್ ಎಫೆಕ್ಟ್ (೨೦೦೭), ಸ್ಕೈರಿಮ್ (೨೦೧೧) ಮೊದಲಾದ ಪಶ್ಚಿಮದ ಕೃತಿಗಳು ಮನಬಂದಂತೆ ಅಲೆಯುವ ಅಥವಾ ಸಂಭಾಷಣೆಯಲ್ಲಿ ತನ್ನ ನಿಲುವನ್ನು ತಾನೇ ಆರಿಸುವ ಸ್ವಾತಂತ್ರ್ಯವನ್ನು ತೋರಿದುವು. ಇತ್ತ ೨೦೦೯ರ ಫೈನಲ್ ಫ್ಯಾಂಟಸಿ ಹದಿಮೂರನೆಯ ಭಾಗವು ಇಕ್ಕಟ್ಟಾದ ಓಣಿಯಂತಿದೆಯೆಂಬ ಆಕ್ಷೇಪಣೆಗೆ ಗುರಿಯಾಯಿತು. ೨೦೧೦ರ ಹದಿನಾಲ್ಕನೆಯದು ಸೋತು, ಅದನ್ನು ಪುನಃ ಕಟ್ಟಿ ೨೦೧೩ರಲ್ಲಿ ಹೊರತರಬೇಕಾಯಿತು. ಸರದಿಯ ಕಾಳಗವು ಯಂತ್ರಗಳು ದುರ್ಬಲವಾಗಿದ್ದ ದಿನಗಳ ತಾತ್ಕಾಲಿಕ ಉಪಾಯ, ಈಗ ಅದಕ್ಕೆ ಪ್ರಯೋಜನವಿಲ್ಲವೆಂಬ ಮಾತು ಆಗ ಬಲವಾಯಿತು.

ಈ ಮಾತಿಗೆ ಮೂರು ಆಕ್ಷೇಪಗಳುಂಟು. ಮೊದಲನೆಯದು, ಇಳಿಮುಖವಾಯಿತೆಂಬುದು ಎಲ್ಲೆಡೆಗೂ ಅನ್ವಯಿಸುವುದಿಲ್ಲ. ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರಕ್ಕೆಂದು ೨೦೦೯ರಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಒಂಬತ್ತನೆಯ ಭಾಗವು ಜಪಾನೊಂದರಲ್ಲಿಯೇ ೪೦ ಲಕ್ಷಕ್ಕೂ ಮೀರಿ ಮಾರಾಟವಾಯಿತು. ಎರಡನೆಯದು, ಪಶ್ಚಿಮದಲ್ಲಿಯೂ ಬೇಡಿಕೆಗಿಂತ ಮೊದಲು ಪೂರೈಕೆ ತಗ್ಗಿದುದುಂಟು. ಜೆನೊಬ್ಲೇಡ್ ಕ್ರಾನಿಕಲ್ಸ್ ಮೊದಲಾದ ಮೂರು ಕೃತಿಗಳನ್ನು ಉತ್ತರ ಅಮೆರಿಕಕ್ಕೆ ತರಬೇಕೆಂದು ೨೦೧೧ರಲ್ಲಿ ಆಟಗಾರರೇ ಚಳವಳಿ ಹೂಡಿದರು. ೨೦೧೨ರಲ್ಲಿ ಜೆನೊಬ್ಲೇಡ್ ಅಲ್ಲಿಗೆ ಬಂದಿತು. ಮೂರನೆಯದು, ಮಾರಾಟವು ಬೆಲೆಯ ಅಳತೆಗೋಲಲ್ಲ. ಇತೋಯಿ ಶಿಗೆಸಾತೊ ಅವರ ಅರ್ತ್‌ಬೌಂಡ್ ೧೯೯೫ರಲ್ಲಿ ಅಮೆರಿಕಕ್ಕೆ ಬಂದು ಅಲ್ಪಾದರವನ್ನಷ್ಟೆ ಪಡೆಯಿತು. ಅದರ ಪ್ರಭಾವವನ್ನು ಹೊತ್ತು ಅಮೆರಿಕದ ಟೋಬಿ ಫಾಕ್ಸ್ ೨೦೧೫ರಲ್ಲಿ ಹೊರತಂದ ಅಂಡರ್‌ಟೇಲ್ ಬಹುಜನರ ಮೆಚ್ಚುಗೆಗೆ ಪಾತ್ರವಾಯಿತು. ಮೊದಲ ದಿನಗಳ ಮಾರಾಟವನ್ನೇ ನೆಚ್ಚಿದ ವಿಮರ್ಶಕನು ಮೂಲಕೃತಿಯನ್ನು ವಿಫಲವೆಂದು ಬರೆದಿಡುತ್ತಿದ್ದನು.

ಹಾಗೆಂದ ಮಾತ್ರಕ್ಕೆ ಆ ಕಾಲದ ಕೃತಿಗಳಲ್ಲಿ ದೋಷವಿರಲಿಲ್ಲವೆಂದಲ್ಲ. ಹದಿಮೂರನೆಯ ಭಾಗದ ನಿಜವಾದ ಕೊರತೆ ಕಾಳಗದ ರೀತಿಯಲ್ಲಿರಲಿಲ್ಲ. ಊರು, ದಾರಿ, ಗುಹೆ, ಮತ್ತೆ ಊರು ಎಂಬ ಸಂಚಾರವೇ ಈ ಪ್ರಕಾರದ ಲಯ. ಊರಿನಲ್ಲಿ ಕಥೆ ಉಸಿರಾಡುತ್ತದೆ. ಅಪರಿಚಿತರ ಎರಡು ಮಾತಿನಿಂದ ಲೋಕವು ಮೈದುಂಬುತ್ತದೆ. ಆ ಕೃತಿಯು ಊರುಗಳನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು ದಾರಿಯನ್ನು ಮಾತ್ರ ಉಳಿಸಿಕೊಂಡಿತು. ರೂಪವು ಹಳತಾದುದರಿಂದಲ್ಲ, ರೂಪದ ಒಂದು ಅಂಗವನ್ನು ಕಳೆದುದರಿಂದ ಅದು ಸೊರಗಿತೆಂಬುದೇ ಹೆಚ್ಚು ಯುಕ್ತ.

ಸರದಿಯ ಕಾಳಗವು ಅಸಾಮರ್ಥ್ಯದ ಫಲವೆಂಬ ವಾದವೂ ವಿಚಾರಣೀಯ. ಒಂದು ಕಟ್ಟಿನ ಹುಟ್ಟಿಗೆ ಕಾರಣವಾದುದೇ ಅದರ ಬಾಳಿಗೂ ಕಾರಣವಾಗಿರಬೇಕೆಂಬ ನಿಯಮವಿಲ್ಲ. ನೆನಪಿಗೆ ನೆರವಾಗುತ್ತಿದ್ದ ಛಂದಸ್ಸು ಅಚ್ಚಿನ ಪುಸ್ತಕ ಬಂದ ಮೇಲೆಯೂ ಉಳಿಯಿತಷ್ಟೆ. ಸರದಿಯ ನಡುವಣ ವಿರಾಮವು ಪದ್ಯದ ಯತಿಯಂತೆ. ಆಡುವವನು ಅಲ್ಲಿ ನಿಂತು, ಯಾರನ್ನು ಉಳಿಸಬೇಕು, ಏನನ್ನು ವ್ಯಯಮಾಡಬೇಕೆಂದು ಯೋಚಿಸುತ್ತಾನೆ. ಪರ್ಸೋನಾ ಮಾಲೆಯ ೨೦೧೬ರ ಐದನೆಯ ಭಾಗವು ಆದೇಶಗಳ ಪಟ್ಟಿಯನ್ನೇ ಅಲಂಕಾರವಾಗಿ ಮಾಡಿಕೊಂಡಿತು. ಯಂತ್ರವು ಸಮರ್ಥವಾಗಿದ್ದಾಗಲೂ ನಿರ್ಮಾಪಕರು ಈ ಕಟ್ಟನ್ನು ಬಯಸಿಯೇ ಆರಿಸಿದರು.

ಈಚಿನ ವರ್ಷಗಳು ಒಂದು ವಿಪರ್ಯಾಸವನ್ನು ತೋರಿಸಿವೆ. ಕಿರಿಯರಿಗೆ ಆದೇಶದ ಪಟ್ಟಿ ರುಚಿಸದೆಂಬ ಎಣಿಕೆಯೂ ಸೇರಿ, ೨೦೨೩ರ ಫೈನಲ್ ಫ್ಯಾಂಟಸಿ ಹದಿನಾರನೆಯ ಭಾಗವು ಸರದಿಯನ್ನು ಬಿಟ್ಟು ಕೈಚಳಕದ ಕಾಳಗವನ್ನು ಹಿಡಿಯಿತು. ಅದೇ ವರ್ಷ ಬೆಲ್ಜಿಯಮ್ಮಿನ ಬಾಲ್ಡರ್ಸ್ ಗೇಟ್ ೩ ಸರದಿಯ ಕಾಳಗದಿಂದಲೇ ಜಗತ್ತಿನ ಮನ್ನಣೆ ಪಡೆಯಿತು. ಅದರ ವಂಶವು ನೇರವಾಗಿ ಅಮೆರಿಕದ ಮೇಜಿನ ಆಟಕ್ಕೆ ಸೇರಿದುದು, ಜಪಾನಿಗಲ್ಲ. ಆದರೂ ಸರದಿಯನ್ನು ಈ ಕಾಲದವರು ಸಹಿಸರೆಂಬ ವಾದವನ್ನು ಅದು ಮುರಿಯಿತು. ೨೦೨೪ರಲ್ಲಿ ಜಪಾನಿನ ಮೆಟಫರ್: ರೀಫ್ಯಾಂಟಾಜಿಯೊ ಜನಾದರ ಗಳಿಸಿತು. ೨೦೨೫ರಲ್ಲಿ ಫ್ರಾನ್ಸಿನ ಕ್ಲೇರ್ ಒಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ ೩೩ ಫೈನಲ್ ಫ್ಯಾಂಟಸಿಯ ಪರಂಪರೆಯನ್ನೇ ಅನುಸರಿಸಿ ೩ ದಿನಗಳಲ್ಲಿ ೧೦ ಲಕ್ಷ ಪ್ರತಿಗಳನ್ನು ಮಾರಿತು. ತವರಿನವರು ಹಳತೆಂದು ಶಂಕಿಸಿದ ಸೊತ್ತನ್ನು ಪರದೇಶದವರು ಪ್ರೀತಿಯಿಂದ ಎತ್ತಿಕೊಂಡರು.

ಈ ಪ್ರಕಾರಕ್ಕೆ ದೇಶದ ಹೆಸರಿಟ್ಟು ಕರೆಯುವುದರಲ್ಲಿಯೂ ಕೇಡು ಇಲ್ಲದಿಲ್ಲ. ಹದಿನಾರನೆಯ ಭಾಗದ ನಿರ್ಮಾಪಕ ಯೊಶಿದ ನಾವೊಕಿ ಅವರು, ಜಪಾನೀ ಎಂಬ ವಿಶೇಷಣವು ಮೊದಲು ಕಿವಿಗೆ ಬಿದ್ದಾಗ ತಮಗೆ ಭೇದಭಾವದಂತೆ ತೋರಿತೆಂದು ೨೦೨೩ರಲ್ಲಿ ತಿಳಿಸಿದರು. ದೇಶವಾಚಕವು ರೂಪವಾಚಕವಾದರೆ, ಆ ದೇಶದ ಒಂದು ಕೃತಿಯ ದೋಷವು ರೂಪಕ್ಕೆಲ್ಲ ಅಂಟುತ್ತದೆ. ರೂಪದ ಮೇಲಣ ಬೇಸರವು ದೇಶದ ಕೃತಿಗಳಿಗೆಲ್ಲ ತಗಲುತ್ತದೆ. ವಿಮರ್ಶೆಯ ಮಾತು ನಿರ್ಮಾಪಕರ ಕಿವಿಯನ್ನೂ ಮುಟ್ಟುವುದರಿಂದ ಇದು ಬರಿಯ ಹೆಸರಿನ ಜಗಳವಲ್ಲ. ಎಷ್ಟು ಮಾರಾಟವಾಯಿತು, ಯಾವ ಯಂತ್ರದಲ್ಲಿ ಹೇಗೆ ನಡೆಯಿತು, ಕೃತಿಯ ಯೋಗ್ಯತೆಯೇನು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳುವುದು ವಿಮರ್ಶಕನ ಕರ್ತವ್ಯ. ಅವನ್ನು ಬೆರಸಿದ ಕಾಲದಲ್ಲಿ ಕಳೆದುಕೊಳ್ಳಬಾರದ ಒಂದು ರೂಪವನ್ನು ಅದರ ಕರ್ತೃಗಳೇ ಕೈಬಿಡುವ ಅಂಚಿಗೆ ಬಂದಿದ್ದರೆಂಬುದನ್ನು ಮುಂದಿನ ಚರಿತ್ರಕಾರರು ಗಮನಿಸಬೇಕಾಗಿದೆ.