ಕಬ್ಬಿನ ಸೀಮೆಯ ಕಿಸೆಚಾಕು

ಕಬ್ಬಿನ ಹಾಲು ಹುಳಿ ಎಂದರೆ ನಗುವವರೇ ಹೆಚ್ಚು. ನಾಲಗೆಗೆ ಸಿಹಿಯಾದ ಅದು ಉಕ್ಕಿಗೆ ಹುಳಿಯೇ. ತಾಜಾ ರಸದ ಪಿಎಚ್ ಐದರಿಂದ ಐದೂವರೆಯ ನಡುವೆ ನಿಲ್ಲುತ್ತದೆ. ಕಾರ್ಬನ್ ಉಕ್ಕಿನ ಕಿಸೆಚಾಕುವಿನಿಂದ ಒಂದು ಗಣಿಕೆ ಸುಲಿದು, ಅಲಗು ಒರೆಸದೆ ಮಡಚಿ ಕಿಸೆಗೆ ಹಾಕಿ, ಸಂಜೆ ಬಿಚ್ಚಿ ನೋಡಿ. ಅಲಗಿನ ಮೇಲೆ ನೀಲಿ ಬೆರೆತ ಬೂದುಬಣ್ಣ ಹಬ್ಬಿರುತ್ತದೆ, ಒಂದೆರಡು ಕಡೆ ಕೆಂಪು ಚುಕ್ಕೆ ಬಿದ್ದಿರುತ್ತದೆ. ಬೂದುಬಣ್ಣ ಉಕ್ಕು ತಾನೇ ಹೊದ್ದುಕೊಂಡ ಹೊದಿಕೆ, ಅದಿದ್ದರೆ ಒಳಗಿನ ಲೋಹಕ್ಕೆ ಅಷ್ಟು ಕಾವಲು. ಕೆಂಪು ಚುಕ್ಕೆ ತುಕ್ಕು, ಅದು ಒಳಗೆ ಕೊರೆಯುತ್ತದೆ. ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜದ ಸುತ್ತ ಹಿರಣ್ಯಕೇಶಿ ನದಿಯ ನೀರು ಕುಡಿದ ಹೊಲಗಳಲ್ಲಿ ಚಾಕು ಇಟ್ಟುಕೊಂಡು ತಿರುಗುವವನು ಉಕ್ಕು ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ. ಬಣ್ಣ ಸಹಿಸುತ್ತೀರೋ, ಒರೆಸುವ ಅಭ್ಯಾಸ ಇದೆಯೋ?

ಕಬ್ಬು ಕಡಿಯುವುದು ಕೊಯ್ತಾದ ಕೆಲಸ, ಅದರ ತೂಕ ಬೇರೆ, ಅದರ ಲೆಕ್ಕ ಬೇರೆ. ಮಡಚುವ ಚಾಕುವಿಗೆ ಬೀಳುವುದು ಚಿಲ್ಲರೆ ಕೆಲಸ. ಆದರೆ ಚಿಲ್ಲರೆ ಎಂದರೆ ಹಗುರ ಎಂದಲ್ಲ. ಮೆಣಸಿನಕಾಯಿ ಚೀಲದ ಸುತಳಿ ಹರಿಯುವುದು, ಡ್ರಿಪ್ ಪೈಪು ಕತ್ತರಿಸುವುದು, ಮಾವಿನ ಕಸಿಗೆ ಓರೆ ಕೊಡುವುದು, ಬೆಲ್ಲದ ಪೆಂಟೆಯ ಮೂಲೆ ಕೆತ್ತುವುದು, ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ನೂಲಿನ ಪೆಟ್ಟಿಗೆಯ ಪ್ಲಾಸ್ಟಿಕ್ ಪಟ್ಟಿ ಬಿಚ್ಚುವುದು. ಇವುಗಳಲ್ಲಿ ಅಲಗನ್ನು ಹಾಳು ಮಾಡುವುದು ಗಟ್ಟಿ ವಸ್ತುವಲ್ಲ, ಮಣ್ಣು. ಚೀಲದ ನಾರಿನಲ್ಲಿ, ಪೈಪಿನ ಮೈಮೇಲೆ ಕೂತ ಮಣ್ಣಿನ ಕಣ ಹರಿತವನ್ನು ತಿಂದುಹಾಕುತ್ತದೆ. ಯಾವ ಉಕ್ಕೂ ಇದರಿಂದ ತಪ್ಪಿಸಿಕೊಳ್ಳಲಾರದು. ಕೆಲವು ತಡವಾಗಿ ಮೊಂಡಾಗುತ್ತವೆ, ಕೆಲವು ಬೇಗ ಮೊಂಡಾಗಿ ಬೇಗ ಹರಿತವಾಗುತ್ತವೆ. ನನ್ನ ಮನಸ್ಸು ಎರಡನೆಯದರ ಕಡೆ.

ಕೊಲ್ಹಾಪುರ ಕಬ್ಬಿಣದ ಊರು. ಉದ್ಯಮನಗರದ ಗಲ್ಲಿಗಳಲ್ಲಿ ಲೇಥುಗಳ ಸದ್ದು, ಶಿರೋಳಿ ಮತ್ತು ಗೋಕುಳ ಶಿರಗಾವದ ಫೌಂಡ್ರಿಗಳಲ್ಲಿ ಎರಕದ ಬಿಸಿ. ಆದರೆ ಅಲ್ಲಿ ಹರಿಯುವ ಎರಕದ ಕಬ್ಬಿಣದಿಂದ ಚಾಕು ಆಗುವುದಿಲ್ಲ. ಅದರಲ್ಲಿ ಇಂಗಾಲ ಶೇ. 3ಕ್ಕೂ ಮೇಲೆ, ಹೆಚ್ಚಿನ ಪಾಲು ಗ್ರಾಫೈಟಿನ ಪದರುಗಳಾಗಿ ಒಳಗೇ ಕೂತಿರುತ್ತದೆ. ಬಡಿದರೆ ಒಡೆಯುತ್ತದೆ. ಅಲಗಿಗೆ ಬೇಕಾದ ಇಂಗಾಲ ಶೇ. 0.5ರಿಂದ 1.5ರ ಸಣ್ಣ ಓಣಿಯಲ್ಲಿದೆ. ಆ ಓಣಿಯ ಉಕ್ಕು ಈ ಊರಿನಲ್ಲಿ ಸಿಗುವುದು ಗುಜರಿಯ ರಾಶಿಯಲ್ಲಿ, ಮತ್ತು ಆ ರಾಶಿಯ ಮುಂದೆ ನಿಂತು ಆರಿಸುವುದೇ ಒಂದು ಸುಖ.

ಮೊದಲನೆಯದು ಲಾರಿಯ ಪಾಟಾ. ಪುಣೆ–ಬೆಂಗಳೂರು ಹೆದ್ದಾರಿ ಊರ ಪಕ್ಕದಲ್ಲೇ ಹಾಯುವಾಗ ಮುರಿದ ಸ್ಪ್ರಿಂಗ್ ಪಾಟಾಗಳಿಗೆ ಬರವೇ ಇಲ್ಲ. ಇಂಗಾಲ ಶೇ. 0.6ರ ಆಸುಪಾಸು, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ. ಬಗ್ಗಿದರೆ ಮರಳುವುದೇ ಅದರ ಜನ್ಮಗುಣ. ಕೊಯ್ತಾ, ಕೊಡಲಿ, ಕುಡುಗೋಲಿಗೆ ಇದಕ್ಕಿಂತ ಒಳ್ಳೆಯದು ಬೇಡ. ಕಿಸೆಚಾಕುವಿಗೂ ಬರುತ್ತದೆ, ಆದರೆ ಬೆರಳು ದಪ್ಪದ ಪಾಟಾವನ್ನು ಬಡಿದು ಮೂರು ಮಿಲಿಮೀಟರಿಗೆ ಇಳಿಸಬೇಕು. ಊರೂರು ತಿರುಗಿ ರಸ್ತೆ ಬದಿಗೆ ಕುಲುಮೆ ಹೂಡುವ ಘಿಸಾಡಿಗಳು ಈ ಕೆಲಸ ಮಾಡುವುದನ್ನು ನಿಂತು ನೋಡಬೇಕು. ಗಂಡ ಇಕ್ಕಳದಲ್ಲಿ ಕೆಂಪು ಪಾಟಾ ಹಿಡಿದು ತಿರುಗಿಸುತ್ತಾನೆ, ಹೆಂಡತಿ ನಿಂತು ಸಮ್ಮಟಿಗೆ ಬೀಸುತ್ತಾಳೆ. ಮಾತಿಲ್ಲ, ಸಣ್ಣ ಸುತ್ತಿಗೆಯ ಟಿಕ್ಕು ಬಿದ್ದ ಜಾಗಕ್ಕೇ ಸಮ್ಮಟಿಗೆಯ ಪೆಟ್ಟು ಬೀಳುತ್ತದೆ. ಹಳೆಯ ಪಾಟಾದಲ್ಲಿ ಕಣ್ಣಿಗೆ ಕಾಣದ ಬಿರುಕು ಇರುವುದುಂಟು. ಅದೊಂದು ಅಪಾಯ ಒಪ್ಪಿಕೊಂಡೇ ಇದನ್ನು ಕೊಳ್ಳಬೇಕು.

ಎರಡನೆಯದು ಬೇರಿಂಗಿನ ಹೊರಬಳೆ. ಇಂಗಾಲ ಶೇ. 1, ಕ್ರೋಮಿಯಂ ಶೇ. 1.5ರ ಹತ್ತಿರ. ವರ್ಕ್‌ಶಾಪಿನವರು ಇಎನ್ 31 ಎನ್ನುವ ಈ ಉಕ್ಕಿನ ಕಣ ಬಹಳ ನಯ. ಇದರ ಬಾಯಿಯನ್ನು ಸಣ್ಣ ಕಲ್ಲಿನ ಮೇಲೆ ತಂದಾಗ ಬರುವ ಹರಿತಕ್ಕೆ ಒಂದು ಮೃದುತನವಿದೆ. ಹಸಿ ಮಾವಿನ ಕಡ್ಡಿಯ ಮೇಲೆ ಎಳೆದರೆ ಸೀಳಿದ ಮೈ ಹೊಳೆಯುತ್ತದೆ, ಕಸಿಗೆ ಬೇಕಾದದ್ದೂ ಅಂಥ ಮೈಯೇ. ಆದರೆ ತುಕ್ಕಿನ ವಿಷಯದಲ್ಲಿ ಪಾಟಾಕ್ಕಿಂತ ಇದೇನೂ ಉತ್ತಮವಲ್ಲ.

ಮೂರನೆಯದು ಮಶೀನ್ ಹ್ಯಾಕ್ಸಾ ಬ್ಲೇಡು. ಇದರ ಮೇಲಿನ ಮೋಹ ಕೊಲ್ಹಾಪುರದ ಮಿಸ್ತ್ರಿಗಳಿಗೆ ಒಂದು ಕೈ ಹೆಚ್ಚೇ. ಕಾರಣವೂ ಇದೆ. ಹೈಸ್ಪೀಡ್ ಉಕ್ಕು ಐನೂರು ಡಿಗ್ರಿ ದಾಟುವವರೆಗೆ ಗಡಸುತನ ಬಿಡುವುದಿಲ್ಲ, ಹಾಗಾಗಿ ಕುಲುಮೆಯೇ ಇಲ್ಲದೆ ಗ್ರೈಂಡರ್ ಮೇಲೆ ನೇರವಾಗಿ ಚಾಕು ತೆಗೆಯಬಹುದು. ಚಪ್ಪಲಿ ಹೊಲಿಯುವವರ ರಂಪಿಗೆ ಈ ಬ್ಲೇಡಿನದಾದರೆ ದಿನವಿಡೀ ತೊಗಲು ಕೊಯ್ದರೂ ಬಾಯಿ ಹೋಗುವುದಿಲ್ಲ. ಮಡಚುವ ಚಾಕುವಿಗೆ ಮಾತ್ರ ನಾನು ಇದನ್ನು ಹೇಳಲಾರೆ. ಮೀಟಿದರೆ ಪಟ್ಟನೆ ಮುರಿಯುತ್ತದೆ, ಕೀಲಿನ ತೂತು ಕೊರೆಯಲು ಕಾರ್ಬೈಡ್ ಡ್ರಿಲ್ಲೇ ಬೇಕು. ಹಲ್ಲಿನ ಅಂಚಿಗೆ ಮಾತ್ರ ಹೈಸ್ಪೀಡ್ ಉಕ್ಕು ಬೆಸೆದ ಬೈಮೆಟಲ್ ಬ್ಲೇಡು ಕೈಗೆ ಬಂದರಂತೂ ಕೆಲಸ ಕೆಟ್ಟಿತು, ಹಲ್ಲು ಸವೆಸಿ ತೆಗೆದ ಮೇಲೆ ಉಳಿಯುವುದು ಬರೀ ಮೆತ್ತನೆಯ ಬೆನ್ನು.

ಉಕ್ಕು ಯಾವುದಾದರೂ ಇರಲಿ, ಅದಕ್ಕೆ ಜೀವ ಬರುವುದು ಪಾಣಿ ಕೊಟ್ಟಾಗ. ಕಾಸಿದ ಅಲಗಿಗೆ ಅಯಸ್ಕಾಂತ ಅಂಟುವುದು ನಿಂತರೆ ಸುಮಾರು 770 ಡಿಗ್ರಿ. ಇನ್ನೊಂದಿಷ್ಟು ಕಾಸಿ ಎಣ್ಣೆಗೆ ಅದ್ದಿದರೆ ಗಾಜಿನಂತೆ ಗಡಸು. ಆಮೇಲೆ ಹದವಾಗಿ ಮತ್ತೆ ಕಾಸುವಾಗ ಉಜ್ಜಿ ಹೊಳಪಿಸಿದ ಮೈಮೇಲೆ ಬಣ್ಣಗಳ ಮೆರವಣಿಗೆ ಹೊರಡುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ 300 ಡಿಗ್ರಿಯ ಸುತ್ತ ನೀಲಿ. ಕಿಸೆಚಾಕುವಿನ ಅಲಗಿಗೆ ಹಳದಿ ದಾಟಿ ಕಂದು ಶುರುವಾಗುವ ಹೊತ್ತಿಗೆ ನಿಲ್ಲಿಸಬೇಕು. ಕೊಯ್ತಾಕ್ಕೆ ಇನ್ನೂ ಮುಂದೆ ಬಿಡಬೇಕು. "ಕಾಕಾ, ಇದಕ್ಕ ಪಾಣಿ ಎಷ್ಟ ಕೊಟ್ಟೀರಿ?" ಎಂದು ಕೇಳಿದರೆ "ಅರಾ ಹತ್ತೂವಷ್ಟರೀ" ಎಂಬ ಉತ್ತರ ಬರುತ್ತದೆ. ಅರ ಕಚ್ಚುವಷ್ಟು ಮೆತ್ತಗಿದ್ದರೆ ಹೊಲದ ಬದುವಿನ ಮೇಲೆ ಕೂತೇ ಬಾಯಿ ತೆಗೆಯಬಹುದು. ಗಡಸುತನದ ಅಂಕಿಯನ್ನು ಇಷ್ಟು ಬಳಕೆಯ ಮಾತಿನಲ್ಲಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಗುಜರಿ ಬಿಟ್ಟು ಕಾರ್ಖಾನೆಯ ಚಾಕು ಕೊಳ್ಳುವವರ ಮುಂದೆ ಬೇರೆಯೇ ಹೆಸರುಗಳ ಸಂತೆ. ಡಿ2 ಎಂಬ ಅಚ್ಚಿನ ಉಕ್ಕು ಈಗ ಎಲ್ಲ ಅಗ್ಗದ ಚಾಕುಗಳ ಮೇಲೂ ಕೆತ್ತಿರುತ್ತದೆ. ಇಂಗಾಲ ಶೇ. 1.5, ಕ್ರೋಮಿಯಂ ಶೇ. 12. ಅಷ್ಟು ಕ್ರೋಮಿಯಂ ಇದ್ದೂ ತುಕ್ಕು ಹಿಡಿಯುತ್ತದೆ, ಏಕೆಂದರೆ ಅದರ ದೊಡ್ಡ ಪಾಲನ್ನು ಇಂಗಾಲ ಹಿಡಿದು ಕಾರ್ಬೈಡ್ ಹರಳು ಮಾಡಿಕೊಂಡಿರುತ್ತದೆ, ಮೈ ಕಾಯಲು ಉಳಿದದ್ದು ಸಾಲದು. ಆ ಹರಳುಗಳು ದಪ್ಪ, ಬಾಯಿ ತೆಳುವಾಗಿಸಿದರೆ ಉದುರುತ್ತವೆ. ಅದಕ್ಕಿಂತ ಮೇಲಿನ ಅಂತಸ್ತಿನಲ್ಲಿ ಎಸ್30ವಿ. ಅಮೆರಿಕದ ಕ್ರೂಸಿಬಲ್ ಕಂಪನಿ 2001ರಲ್ಲಿ ಚಾಕುಗಳಿಗಾಗಿಯೇ ತಂದ ಪುಡಿಲೋಹದ ಉಕ್ಕು ಅದು, ಶೇ. 4 ವೆನೇಡಿಯಂ. ಸುತಳಿ ಹರಿಯುತ್ತಲೇ ಇದ್ದರೂ ಹರಿತ ನಿಲ್ಲುತ್ತದೆ, ಸುಳ್ಳಲ್ಲ. ಆದರೆ ವೆನೇಡಿಯಂ ಕಾರ್ಬೈಡು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅಲ್ಯೂಮಿನಾ ಮಸೆಗಲ್ಲಿಗಿಂತ ಗಡಸು. ಒಮ್ಮೆ ಮೊಂಡಾದರೆ ವಜ್ರದ ಪುಡಿ ಹಚ್ಚಿದ ಕಲ್ಲು ಹುಡುಕಬೇಕು. ಗಡಹಿಂಗ್ಲಜದ ಸಂತೆಯಲ್ಲಿ ಅದನ್ನು ಯಾರು ಇಟ್ಟಿದ್ದಾರೆ?

ನನ್ನ ಆಯ್ಕೆ ಸ್ವೀಡನ್ನಿನ 14ಸಿ28ಎನ್. ಇಂಗಾಲ ಬರೀ ಶೇ. 0.62, ಕ್ರೋಮಿಯಂ 14, ಜೊತೆಗೆ ಚಿಟಿಕೆಯಷ್ಟು, ಶೇ. 0.11, ಸಾರಜನಕ. ಇಂಗಾಲ ಮಾಡುವ ಗಡಸು ಕೆಲಸದ ಒಂದು ಪಾಲನ್ನು ಸಾರಜನಕ ಹೊತ್ತುಕೊಳ್ಳುವುದರಿಂದ ಕ್ರೋಮಿಯಂ ಮೈ ಕಾಯಲು ಬಿಡುವಾಗಿರುತ್ತದೆ. ಕಬ್ಬಿನ ಹಾಲು, ಹುಣಸೆ, ಮಾವಿನ ಸೊನೆ, ಬೆವರಿನ ಕಿಸೆ ಯಾವುದಕ್ಕೂ ಜಗ್ಗುವುದಿಲ್ಲ. ಅಡುಗೆಮನೆಯ ಕಲ್ಲಿನ ಮೇಲೆ ನಾಲ್ಕು ಎಳೆತಕ್ಕೆ ಬಾಯಿ ಮರಳುತ್ತದೆ. ಸ್ವಿಸ್ ಕಿಸೆಚಾಕುಗಳ ವಿಕ್ಟೋರಿನಾಕ್ಸ್ ಇನ್ನೂ ಮೆತ್ತಗೆ, ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 56ಕ್ಕೆ ನಿಲ್ಲಿಸಿ ನೂರಕ್ಕೂ ಹೆಚ್ಚು ದೇಶಗಳಿಗೆ ಮಾರಿದೆ, ಅದೂ ಇದೇ ಬುದ್ಧಿ. ಅಂಕಿಗಳ ಹಿಂದೆ ಓಡುವವರು ಅಲಗಿನ ದಪ್ಪ ನೋಡುವುದನ್ನೇ ಮರೆಯುತ್ತಾರೆ. ಬಾಯಿಯ ಹಿಂದೆ ಮೈ ತೆಳ್ಳಗಿದ್ದರೆ ಸಾಧಾರಣ ಉಕ್ಕೂ ಕೊಯ್ಯುತ್ತದೆ, ದಪ್ಪಗಿದ್ದರೆ ಎಸ್30ವಿ ಕೂಡ ಬೆಣೆ ಹೊಡೆದಂತೆ ಸೀಳುತ್ತದೆ ಅಷ್ಟೇ.

ತೊಗಲಿನ ಒರೆಯ ಬಗ್ಗೆ ಒಂದು ಮಾತು. ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡುತ್ತಾರೆ. ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಒಟ್ಟಾಗಿ ಜಿಐ ಗುರುತು ಸಿಕ್ಕಿರುವ ಕಸುಬು ಅದು. ಅಂಥ ತೊಗಲಿನ ಒರೆಯ ಚೆಲುವಿಗೆ ಸಾಟಿಯಿಲ್ಲ. ಆದರೆ ಅದರಲ್ಲಿರುವ ಟ್ಯಾನಿನ್ನಿಗೂ ಕಬ್ಬಿಣಕ್ಕೂ ಹಳೆಯ ನಂಟು, ಎರಡೂ ಕೂಡಿದರೆ ಶಾಯಿಯ ಕಪ್ಪು. ಒದ್ದೆಯಾದ ತೊಗಲಿನಲ್ಲಿ ಕಾರ್ಬನ್ ಉಕ್ಕಿನ ಚಾಕು ರಾತ್ರಿ ಕಳೆದರೆ ಅಲಗೂ ಕಪ್ಪು, ತೊಗಲೂ ಕಪ್ಪು. ಒರೆಯನ್ನು ತೋರಿಕೆಗೆ ಕಟ್ಟಿಕೊಳ್ಳಿ, ಚಾಕುವನ್ನು ಹೊರಗಿಡಿ.

ಇನ್ನು ಹಿಡಿ. ಉಕ್ಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಹಿಡಿಯ ವಿಷಯಕ್ಕೆ ಬಂದಾಗ ಬಣ್ಣ ನೋಡಿ ಮುಗಿಸುತ್ತಾರೆ, ಕೈ ದಿನವಿಡೀ ಮುಟ್ಟುವುದು ಹಿಡಿಯನ್ನೇ ಆದರೂ. ಜಾಲಿ ಮರ ಹೊಲದ ಎಲ್ಲ ಸಾಮಾನುಗಳ ಕಾವಿಗೂ ಒದಗಿ ಬಂದದ್ದು. ಗಟ್ಟಿ, ಅಗ್ಗ, ಕೈಯ ಎಣ್ಣೆ ಕುಡಿದು ಕಪ್ಪೇರುತ್ತದೆ. ಮಡಚುವ ಚಾಕುವಿನಲ್ಲಿ ಮರಕ್ಕೆ ಒಂದೇ ಕಷ್ಟ, ಮಳೆಗಾಲ. ಆಜರಾದ ಕಡೆಯಿಂದ ಮಳೆ ಇಳಿದು ಬಂದ ವಾರದಲ್ಲಿ ಮರ ಉಬ್ಬಿ ಅಲಗನ್ನು ಬಿಗಿ ಹಿಡಿಯುತ್ತದೆ. 1890ರಿಂದ ಬಂದಿರುವ, ಬೀಚ್ ಮರದ ಹಿಡಿಯ ಫ್ರಾನ್ಸಿನ ಓಪಿನೆಲ್ ಚಾಕುವಿಗೂ ಈ ದೂರು ತಪ್ಪಿಲ್ಲ. ಎಮ್ಮೆಯ ಕೊಂಬು ನೋಡಲು ಕರಿಕಲ್ಲಿನ ಹೊಳಪು, ಮುಟ್ಟಿದರೆ ಬೆಚ್ಚಗೆ. ಒಣ ಹವೆಗೆ ಸೊಟ್ಟಗಾಗುತ್ತದೆ, ಪೆಟ್ಟಿಗೆಯಲ್ಲಿ ಮರೆತರೆ ಹುಳ ತಿನ್ನುತ್ತದೆ. ಪೂಜೆಗೆ ಇಡುವ ಚಾಕುವಿಗೆ ಇರಲಿ. ಜಿಂಕೆಯ ಕೊಂಬಿನ ಮಾತೇ ಬೇಡ, 1972ರ ವನ್ಯಜೀವಿ ಕಾಯ್ದೆಯಿಂದ ಅದರ ವ್ಯಾಪಾರ ಅಪರಾಧ. ಹಿತ್ತಾಳೆ ಭಾರ, ಅಲ್ಯೂಮಿನಿಯಂ ಬೆವರಿದ ಕೈಯಲ್ಲಿ ಜಾರುತ್ತದೆ.

ನನಗೆ ಮೆಚ್ಚು ಬಂದದ್ದು ಹೈಲಂ. ವರ್ಕ್‌ಶಾಪುಗಳಲ್ಲಿ ಬುಷ್, ಗೇರ್, ಕರೆಂಟು ತಡೆಯುವ ಹಲಗೆ ಮಾಡಲು ಬಳಸುವ ಆ ಕಂದು ಶೀಟು. ಹೈದರಾಬಾದಿನ ಕಂಪನಿಯೊಂದರ ಹೆಸರು ವಸ್ತುವಿಗೇ ಅಂಟಿಕೊಂಡಿತು. ಹತ್ತಿಬಟ್ಟೆಯನ್ನು ಪದರ ಪದರವಾಗಿ ಫೀನಾಲ್ ರಾಳದಲ್ಲಿ ನೆನೆಸಿ, ಕಾಸಿ, ಒತ್ತಿ ಮಾಡಿದ್ದು. ಹೊರದೇಶದ ಚಾಕು ಮಾಡುವವರು ಮೈಕಾರ್ಟಾ ಎಂದು ಮೆರೆಸುವುದೂ ಇದೇ ಬಗೆ, ವೆಸ್ಟಿಂಗ್‌ಹೌಸ್ ಕಂಪನಿ 1910ರ ಸುಮಾರಿಗೆ ವಿದ್ಯುತ್ ಕೆಲಸಕ್ಕೆಂದು ತಂದದ್ದು. ವಿಠ್ಠಲರಾವ್ ದಾತಾರರು 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದ ಇಚಲಕರಂಜಿಯ ಸೀಮೆಯಲ್ಲಿ ಬಟ್ಟೆಯಿಂದ ಮಾಡಿದ ಹಿಡಿ ಎಂದರೆ ನನಗೇನೋ ಹೆಮ್ಮೆ. ಓರೆಯಾಗಿ ಅರ ಹಾಕಿದಾಗ ಪದರಗಳು ಬಯಲಾಗುತ್ತವೆ, ನಕ್ಷೆಯ ಗೆರೆಗಳಂತೆ ಕಂದಿನೊಳಗೆ ಕಂದು. ಪಾಲಿಷ್ ಮಾಡಬಾರದು. ಒರಟು ಬಿಟ್ಟರೆ ಒದ್ದೆಯಾದಾಗ ನೂಲಿನ ತುದಿಗಳು ಎದ್ದು ಅಂಗೈಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತವೆ. ಗಾಜಿನ ಬಟ್ಟೆಯ ಜಿ10 ಇದಕ್ಕಿಂತ ಬಲಶಾಲಿ, ನೀರೂ ಹೀರದು. ಆದರೆ ಚಳಿಗಾಲದ ಬೆಳಗ್ಗೆ ಅದು ತಣ್ಣಗೆ, ಉಜ್ಜಿದಾಗ ಏಳುವ ಧೂಳು ಎದೆಗೆ ಕೆಟ್ಟದ್ದು. ಎರಡನ್ನೂ ನೀರು ಹಾಕಿಕೊಂಡು, ಮುಖಕ್ಕೆ ಮಾಸ್ಕು ಕಟ್ಟಿಕೊಂಡೇ ಉಜ್ಜಬೇಕು.

ಇನ್ನೊಂದು ಆಸೆ ಇದೆ. ರೇಪಿಯರ್ ಮಗ್ಗಗಳು ಬಂದ ಮೇಲೆ ಗುಜರಿಗೆ ಬಿದ್ದ ಹಳೆಯ ಲಾಳಿಗಳು. ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಅತ್ತಿಂದಿತ್ತ ಹೊಡೆಸಿಕೊಂಡೂ ಸೀಳದ ಮರ ಅದು, ನೂಲಿನ ಉಜ್ಜಾಟಕ್ಕೆ ಯಾವ ಪಾಲಿಷಿಗೂ ಬಾರದ ನುಣುಪು ಬಂದಿರುತ್ತದೆ. ನಡುವಿನ ಟೊಳ್ಳು ಕಿಸೆಚಾಕುವಿಗೆ ತೀರಾ ಅಗಲ, ಕೆಲಸಕ್ಕೆ ಬರುವುದು ಉಕ್ಕಿನ ಮೊನೆಯ ಹಿಂದಿರುವ ಗಟ್ಟಿ ತುದಿಗಳು. ಅವನ್ನು ಸೀಳಿ ಎರಡು ಹೋಳು ಮಾಡಿ ಉಕ್ಕಿನ ತಗಡಿಗೆ ರಿವೆಟ್ ಹೊಡೆದರೆ, ಮಳೆಗಾಲ ಒಂದನ್ನು ಬಿಟ್ಟು ಉಳಿದ ಎಂಟು ತಿಂಗಳು ಆ ಚಾಕುವಿಗೆ ಎದುರಿಲ್ಲ.

ಉಕ್ಕು, ಹಿಡಿ ಎರಡೂ ಸರಿಯಿದ್ದು ಕೀಲು ಕೆಟ್ಟಿದ್ದರೆ ಎಲ್ಲವೂ ವ್ಯರ್ಥ. ಮಡಚುವ ಚಾಕು ನಡುವೆ ಮುರಿದು ಮತ್ತೆ ಜೋಡಿಸಿದ ಚಾಕು ತಾನೇ. ಅಡಕತ್ತರಿಯ ಕೀಲನ್ನು ನೋಡಿದವರಿಗೆ ಇದರ ಗುಟ್ಟು ಗೊತ್ತು, ಸಡಿಲವೂ ಇರಬಾರದು, ಕಚ್ಚಲೂ ಬಾರದು. ಫಾಸ್ಫರ್ ಬ್ರಾಂಜಿನ ತೆಳು ವಾಷರ್ ಎರಡೂ ಬದಿಗೆ ಇರಲಿ. ಬಾಲ್ ಬೇರಿಂಗ್ ಹಾಕಿದ ಕೀಲು ಗಾಜಿನ ಮೇಲೆ ಜಾರಿದಂತೆ ತೆರೆಯುತ್ತದೆ, ಹೊಲದ ಮಣ್ಣು ಹೊಕ್ಕರೆ ಕರಕರ ಎನ್ನುತ್ತದೆ. ಬೀಗ ಯಾವ ಬಗೆಯದೇ ಆಗಲಿ, ಅದನ್ನು ನಂಬಿ ಬೆನ್ನಿನ ಮೇಲೆ ಗುದ್ದಬೇಡಿ. ಅಲಗು ನಾಲ್ಕು ಇಂಚಿನೊಳಗಿದ್ದರೆ ಕೆಲಸಕ್ಕೂ ಸಾಕು. ಶಸ್ತ್ರಾಸ್ತ್ರ ನಿಯಮಗಳು ತಲೆಕೆಡಿಸಿಕೊಳ್ಳುವುದು ಒಂಬತ್ತು ಇಂಚು ಉದ್ದ ಅಥವಾ ಎರಡು ಇಂಚು ಅಗಲ ಮೀರಿದ, ಹೊಲ ಮನೆಯ ಕೆಲಸದ್ದಲ್ಲದ ಅಲಗುಗಳ ಬಗ್ಗೆ. ಗುಂಡಿ ಒತ್ತಿದರೆ ಚಿಮ್ಮುವ ಚಾಕು ಮಾತ್ರ ಯಾವ ಕಾರಣಕ್ಕೂ ಬೇಡ, ಮಣ್ಣು ಹೊಕ್ಕ ದಿನವೇ ಅದರ ಆಟ ಮುಗಿಯುತ್ತದೆ, ಪೊಲೀಸರ ಪ್ರಶ್ನೆ ಶುರುವಾಗುತ್ತದೆ.

ಕೀಲಿಗೆ ಶೇಂಗಾ ಎಣ್ಣೆ ಬಿಡುವ ಚಾಳಿ ನಮ್ಮ ಕಡೆ ಇದೆ. ಅದು ದಿನ ಕಳೆದಂತೆ ಅಂಟಾಗಿ ಮಣ್ಣನ್ನು ಹಿಡಿದಿಡುತ್ತದೆ. ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ. ಇಚಲಕರಂಜಿಯಲ್ಲಿ ಆ ಎಣ್ಣೆಗೆ ದೂರ ಹೋಗಬೇಕಿಲ್ಲ.