ಸಣ್ಣ ಲೋಟದ ಉಪಾಯ

ಕಳೆದ ತಿಂಗಳು ಒಂದು ಬೆಳಿಗ್ಗೆ ಲಾಲ್‌ಬಾಗಿಗೆ ಹೊರಟವನು ಶೂ ಲೇಸ್ ಕಟ್ಟಲು ಬಗ್ಗಿದೆ, ಮೇಲೇಳಲು ಆಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ವಾರ ವಾರ ನಡಿಗೆಯ ಗುಣಗಾನ ಮಾಡುವ ಗಂಡ ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ನೋಡಿ ಮನೆಯಾಕೆ, 'ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನೋದು ಇದಕ್ಕೇ' ಎಂದಳು.

ನನಗೂ ಸೋಜಿಗ. ದಿನಾ ಒಂದು ಗಂಟೆ ನಡೆಯುವವನಿಗೆ ಬೆನ್ನುನೋವೇ? ಫಿಸಿಯೋಥೆರಪಿಸ್ಟ್ ಕೇಳಿದ್ದು ಒಂದೇ ಪ್ರಶ್ನೆ: 'ಆ ಒಂದು ಗಂಟೆ ಸರಿ ಸಾರ್, ಉಳಿದ ಹೊತ್ತು?' ಉಳಿದ ಹೊತ್ತು ಲೆಕ್ಕಪತ್ರ ವಿಭಾಗದ ಕುರ್ಚಿ. ಒಂಬತ್ತೂವರೆಗೆ ಕೂತರೆ ಏಳುವುದು ಊಟಕ್ಕೆ. ಬೆಳಿಗ್ಗೆಯೇ ಮುಂಗಡ ಕಟ್ಟಿದ್ದೇನಲ್ಲ, ಇನ್ನು ಇಡೀ ದಿನ ಕೂರಬಹುದು ಎಂಬುದು ನನ್ನ ಲೆಕ್ಕ.

ಬೆನ್ನಿನ ಖಾತೆಯಲ್ಲಿ ಮುಂಗಡ ಜಮಾ ಆಗುವುದಿಲ್ಲ. ಬೆನ್ನುಮೂಳೆಗಳ ನಡುವಿನ ಮೆತ್ತೆಗೆ, ಅಂದರೆ ಡಿಸ್ಕಿಗೆ, ದೊಡ್ಡವರಲ್ಲಿ ಸ್ವಂತ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ. ಅದರ ಆಹಾರ ಅಕ್ಕಪಕ್ಕದಿಂದ ಒಸರಿಕೊಂಡು ಬರಬೇಕು. ಆಗಾಗ ಒತ್ತಡ ಬದಲಾಗುತ್ತಿದ್ದರೆ ಅದಕ್ಕೆ ಹಿತ. ಎಷ್ಟೇ ಬೆಲೆಯ ಕುರ್ಚಿಯಾದರೂ ಗಂಟೆಗಟ್ಟಲೆ ಅಲುಗದೆ ಕೂತರೆ ಬೆನ್ನು ಬಿಗಿಯುತ್ತದೆ.

ತುಮಕೂರಿನ ಚಿಕ್ಕಮ್ಮ ಫೋನಿನಲ್ಲೇ, 'ವಾರ ಹಲಗೆ ಮೇಲೆ ಮಲಗಪ್ಪ' ಎಂದರು. ಅದು ಹಳೆಯ ವೈದ್ಯ; ಈಗಿನ ವೈದ್ಯರು ಬಹುದಿನ ಮಲಗಬೇಡಿ ಎನ್ನುತ್ತಾರೆ. ನಾನು ಬಿಸಿನೀರಿನ ಶಾಖ ಕೊಟ್ಟುಕೊಂಡು ಎರಡನೆಯ ದಿನವೇ ವರಾಂಡದಲ್ಲಿ ಐದು ನಿಮಿಷ ಓಡಾಡಿದೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ತಂಡವೊಂದು ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡಿದ್ದ 701 ಮಂದಿಯ ಮೇಲೆ ನಡೆಸಿದ ಅಧ್ಯಯನ 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟರ ತಿಳಿವಳಿಕೆ, ಜೊತೆಗೆ ನಡಿಗೆ. ಆರು ತಿಂಗಳೊಳಗೆ ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ ತಲುಪುವ ಗುರಿ. ಇನ್ನೊಂದು ಗುಂಪಿಗೆ ಏನೂ ಇಲ್ಲ. ನೋವು ಮರುಕಳಿಸಲು ನಡೆಯದವರಲ್ಲಿ ಮಧ್ಯಮಾಂಕ 112 ದಿನ, ನಡೆದವರಲ್ಲಿ 208 ದಿನ. ನಡೆದವರಿಗೂ ನೋವು ಮತ್ತೆ ಬಂತು. ಆದರೆ ತಡವಾಗಿ ಬಂತು. ಅಷ್ಟು ಸಿಕ್ಕರೆ ನನಗೆ ಲಾಭವೇ.

ನಡಿಗೆಯ ರುಚಿಯೂ ಈಗ ಬದಲಾಗಿದೆ. ಲಾಲ್‌ಬಾಗಿನ ಮುನ್ನೂರು ಕೋಟಿ ವರ್ಷದ ಬಂಡೆಯನ್ನು ಮೊದಲು ಪಂದ್ಯ ಕಟ್ಟಿದವನಂತೆ ಹತ್ತಿ ದಡದಡ ಇಳಿಯುತ್ತಿದ್ದೆ. ಇಳಿಯುವಾಗ ಮೈ ಹಿಂದಕ್ಕೆ ವಾಲಿ ಸೊಂಟ ಚುಳ್ಳೆನ್ನುತ್ತದೆಂದು ತಿಳಿದದ್ದು ಈಗ. ಹಾಗಾಗಿ ಸದ್ಯಕ್ಕೆ ಕೆರೆಯ ಕಡೆಯ ಸಮತಟ್ಟು ದಾರಿ. ಹೆಜ್ಜೆ ಗಿಡ್ಡ, ಕೈ ಸಡಿಲ. ಫೋನು ಜೇಬಿನಲ್ಲಿ, ಏಕೆಂದರೆ ಅದನ್ನು ಹಿಡಿದು ನಡೆದರೆ ಕೈಬೀಸು ನಿಂತು ಕತ್ತು ಬಾಗುತ್ತದೆ. ಪಕ್ಕದಲ್ಲಿ ಬರುವವರ ಜೊತೆ ಉಸಿರು ಕಟ್ಟದೆ ಮಾತಾಡುವಂತಿರಬೇಕು; ಅದೇ ನನ್ನ ವೇಗದ ಅಳತೆ.

ನಿಜವಾದ ಮದ್ದು ಸಿಕ್ಕಿದ್ದು ಮಾತ್ರ ಕಚೇರಿಯಲ್ಲಿ. ಮೇಜಿನ ಮೇಲಿನ ದೊಡ್ಡ ನೀರಿನ ಬಾಟಲಿ ತೆಗೆದು ಮನೆಯಿಂದ ಕಾಫಿ ಲೋಟ ತಂದಿಟ್ಟೆ. ನಾಲ್ಕು ಗುಟುಕಿಗೆ ಖಾಲಿ. ಮತ್ತೆ ಬೇಕೆಂದರೆ ಕಾರಿಡಾರಿನ ಕೊನೆಯವರೆಗೆ ನಡೆಯಬೇಕು. ಫೋನು ಬಂದರೆ ಎದ್ದು ನಿಂತೇ ಮಾತು. ಸಂಜೆಯ ಬೈಟು ಕಾಫಿ ಕೆಳಗಿನ ದರ್ಶಿನಿಯಲ್ಲಿ. ನಿಂತು ತಿನ್ನುವುದನ್ನು ಊರಿಗೇ ಕಲಿಸಿದ ಆ ಹೋಟೆಲುಗಳಿಗೆ ನನ್ನ ಸೊಂಟ ಋಣಿ.

ಒಂದು ಎಚ್ಚರಿಕೆ. ಕಾಲು ಬಲ ಕಳೆದುಕೊಂಡರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಂಕಣ ಓದುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಬಂದ ಬೆನ್ನುನೋವನ್ನೂ ಕಡೆಗಣಿಸಬೇಡಿ.

ಮೊನ್ನೆ ಪಕ್ಕದ ಮೇಜಿನ ಹುಡುಗ ಮರುಕಪಟ್ಟು ಎರಡು ಲೀಟರಿನ ಹೊಸ ಬಾಟಲಿ ತಂದುಕೊಟ್ಟ. 'ಪದೇ ಪದೇ ಏಳೋದು ತಪ್ಪುತ್ತೆ ಸಾರ್.' ಥ್ಯಾಂಕ್ಸ್ ಹೇಳಿ ಮನೆಗೆ ಒಯ್ದೆ. ಈಗ ಅದರಲ್ಲಿ ಮನಿಪ್ಲಾಂಟ್ ಬೇರು ಬಿಡುತ್ತಿದೆ. ಒಂದೇ ಕಡೆ ಬೇರು ಬಿಡುವುದು ಅದಕ್ಕೆ ಒಪ್ಪುತ್ತದೆ.