ಗಾಜಿನ ಮೇಲಿನ ಕಿತ್ತಳೆ ಕಣಗಳು

ಗೂಗಲ್ ಎಂಬ ಹಳ್ಳಿಯ ಕಡೆಯಿಂದ ಉಬ್ಬಸ ಎಂದು ದೇವದುರ್ಗಕ್ಕೋ ರಾಯಚೂರಿಗೋ ಹೋದವರ ಕೈಗೆ ಬರುವ ರಕ್ತಪರೀಕ್ಷೆಯ ಚೀಟಿಯಲ್ಲಿ ‘ಇಸಿನೋಫಿಲ್’ ಎಂಬ ಬಿಳಿ ರಕ್ತಕೋಶದ ಸಾಲೊಂದಿರುತ್ತದೆ. ಆ ಸಾಲಿನ ಹಿಂದಿನ ಕೈಚಳಕ ನನಗೆ ಬಹಳ ಇಷ್ಟ.

ಈಗ ಯಂತ್ರಗಳೇ ಎಣಿಸುತ್ತವೆ. ಆದರೂ ಅನುಮಾನ ಬಂದರೆ ಸ್ಲೈಡೇ ಗತಿ. ಒಂದು ಹನಿ ರಕ್ತವನ್ನು ಇನ್ನೊಂದು ಗಾಜಿನ ಅಂಚಿನಿಂದ ಓರೆಯಾಗಿ, ಒಂದೇ ಎಳೆತದಲ್ಲಿ ತೆಳ್ಳಗೆ ಹರಡಬೇಕು. ಕೈ ತಡವರಿಸಿದರೆ ಪದರ ಕೆಡುತ್ತದೆ. ಒಣಗಿದ ಮೇಲೆ ಲೀಷ್‌ಮನ್ ಬಣ್ಣ, ಎರಡು ನಿಮಿಷ ಬಿಟ್ಟು ಬಫರ್ ನೀರು, ಮತ್ತೆ ಕಾಯುವಿಕೆ. ಸೂಕ್ಷ್ಮದರ್ಶಕದಡಿ ಆ ಕೋಶ ಸಿಕ್ಕಾಗ ಎಷ್ಟು ಚೆಂದ! ಎರಡು ಹಾಲೆಗಳ ನೇರಳೆ ಕೋಶಕೇಂದ್ರ, ಸುತ್ತಲೂ ಒತ್ತೊತ್ತಾಗಿ ಕಿತ್ತಳೆಗೆಂಪು ಕಣಗಳು.

1879ರಲ್ಲಿ ಪಾಲ್ ಎರ್ಲಿಕ್ ಇಯೊಸಿನ್ ಬಣ್ಣ ಹೀರುವ ಈ ಕೋಶವನ್ನು ಗುರುತಿಸಿದರು. ಹುಳುಗಳನ್ನು ಎದುರಿಸುವ ಅದೇ ಕಣಗಳ ವಿಷ, ಅಲರ್ಜಿಯ ಅಸ್ತಮಾದಲ್ಲಿ ಶ್ವಾಸನಾಳದ ಒಳಪದರವನ್ನೇ ಸುಡುತ್ತದೆ. ಹಾಗಾಗಿ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರಲ್ಲಿ ಈ ಸಂಖ್ಯೆ ಏರಿದರೆ ಅಸ್ತಮಾ ಎಂದುಬಿಡಲಾಗದು. ಕೊಕ್ಕೆಹುಳುವೂ ಇರಬಹುದು, ಆನೆಕಾಲಿನ ಹುಳುವಿಗೆ ಶ್ವಾಸಕೋಶ ಮುನಿದದ್ದೂ ಇರಬಹುದು. ರೋಗಿಯನ್ನು ಮಾತಾಡಿಸಿಯೇ ತಿಳಿಯಬೇಕು.

ಈ ಕೋಶಗಳನ್ನು ಬೆಳೆಸುವ ಇಂಟರ್‌ಲ್ಯೂಕಿನ್-5 ಎಂಬ ಸಂಕೇತವನ್ನು ತಡೆಯುವ ಮೆಪೊಲಿಝುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ತೀವ್ರ ಅಸ್ತಮಾದ ಆ ಚುಚ್ಚುಮದ್ದು ಯಾರಿಗೆ ಹಿಡಿಸೀತು ಎಂದು ನಿರ್ಧರಿಸಲು ವೈದ್ಯರು ಇವತ್ತಿಗೂ ನೋಡುವುದು ಇದೇ ಸಾಲನ್ನು.